ಕೆರೆ ಏರಿ ಹಿಡಿದು ಬೆಂಗಳೂರು ನೋಡಿದ್ದು

ಬೆಂಗಳೂರಿನ ಹಳೆಯ ಜಾಗಗಳನ್ನು ನೋಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಮನೆಗೆ ಹತ್ತಿರ ಇರುವ ಕೆರೆ ಯಾವುದು? ಅಲ್ಲಿಂದಲೇ ಹೊರಡಿ ಅಂತೀನಿ. ಗುಡಿಗೊಂದು ದಿನ, ಶಾಸನಕ್ಕೊಂದು ದಿನ, ಹಕ್ಕಿಗೊಂದು ದಿನ ಅಂತ ಊರೆಲ್ಲ ಸುತ್ತಬೇಕಾಗಿಲ್ಲ. ಒಂದು ಕೆರೆ ಹಿಡಿದು ಅದರ ಸುತ್ತಮುತ್ತ ನಿಧಾನವಾಗಿ ನಡೆದರೆ ಇವೆಲ್ಲ ಒಟ್ಟಿಗೇ ಸಿಗುತ್ತವೆ. ನಾನು ಈ ಊರನ್ನು ನೋಡಿದ್ದು ಹೀಗೇ.

ಇದಕ್ಕೆ ಕಾರಣ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ದಿಣ್ಣೆ ಊರು. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲ. ಬಿದ್ದ ಮಳೆಯೆಲ್ಲ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಅನ್ನೋ ಕಣಿವೆಗಳಲ್ಲಿ ಇಳಿದು ಹೋಗುತ್ತೆ. ಹಿಂದಿನವರು ಆ ಇಳಿಜಾರಿಗೆ ಅಡ್ಡವಾಗಿ ಏರಿ ಕಟ್ಟಿ ನೀರು ನಿಲ್ಲಿಸಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಕೆರೆ ಕೆಳಗೆ ಗದ್ದೆ ಆಯಿತು, ಗದ್ದೆ ಪಕ್ಕ ಊರು ಬಂತು, ಊರಿಗೊಂದು ಗುಡಿ ಬಂತು. ಊರ ಮೇಲೆ ದಂಡು ಬಂದಾಗ ಹೋರಾಡಿ ಸತ್ತವನಿಗೆ ವೀರಗಲ್ಲು ನಿಂತಿತು. ಅದಕ್ಕೇ ಏರಿ ಮೇಲೆ ನಿಂತು ಸುತ್ತ ಕಣ್ಣಾಡಿಸಿದರೆ ಹಳೆ ಊರು ಯಾವ ಕಡೆ ಇತ್ತು ಅನ್ನೋದು ತಾನಾಗಿ ಗೊತ್ತಾಗುತ್ತೆ.

ನನ್ನ ಕ್ರಮ ಸುಲಭ. ಬೆಳಗ್ಗೆ ಬೇಗ ಕೆರೆ, ಆಮೇಲೆ ಗುಡಿ, ಆಮೇಲೆ ತಿಂಡಿ. ಬಹಳಷ್ಟು ಕೆರೆಗಳ ಗೇಟು ಬಿಸಿಲು ಏರಿದ ಮೇಲೆ ಮುಚ್ಚಿರುತ್ತೆ, ಗುಡಿಗಳೂ ಮಧ್ಯಾಹ್ನ ಬಾಗಿಲು ಹಾಕುತ್ತವೆ. ಹಾಗಾಗಿ ಹತ್ತು ಗಂಟೆ ಮೇಲೆ ಮನೆ ಬಿಟ್ಟರೆ ಪ್ರಯೋಜನ ಇಲ್ಲ. ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಮಳೆ ಮುಗಿದು ಕೆರೆಯಲ್ಲಿ ನೀರಿರುತ್ತೆ, ವಲಸೆ ಹಕ್ಕಿಗಳೂ ಬಂದಿರುತ್ತವೆ. ಚೀಲದಲ್ಲಿ ನೀರು, ದುರ್ಬೀನು, ಒಂದು ಟಾರ್ಚು. ಟಾರ್ಚು ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಹೋಗಬೇಕಾದ್ದು ಹೆಬ್ಬಾಳ. ಫ್ಲೈಓವರ್ ಮೇಲಿಂದ ದಿನಾ ಲಕ್ಷಾಂತರ ಜನ ಈ ಕೆರೆ ನೋಡಿಕೊಂಡು ಹೋಗ್ತಾರೆ. ಕೆಳಗಿಳಿದು ದಂಡೆಗೆ ಬಂದರೆ ಬೇರೆಯೇ ಲೋಕ. ಹೆಜ್ಜಾರ್ಲೆಗಳು ಗುಂಪಾಗಿ ತೇಲುತ್ತಿರುತ್ತವೆ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತೆ. ಮಿಂಚುಳ್ಳಿ ಒಂದು ಕೊಂಬೆ ಹಿಡಿದು ಕೂತರೆ ಅರ್ಧ ಗಂಟೆ ಅಲ್ಲೇ. ಇಷ್ಟು ನೋಡಿ ಹೆಚ್ಚಿನವರು ವಾಪಸ್ ಹೋಗ್ತಾರೆ. ಹೋಗಬೇಡಿ. ಹೆಬ್ಬಾಳ ಊರೊಳಗೆ ಕಿತ್ತಯ್ಯನ ವೀರಗಲ್ಲಿದೆ. ಸುಮಾರು 750ನೇ ಇಸವಿಯದು, ಗಂಗರ ಶ್ರೀಪುರುಷನ ಆಳ್ವಿಕೆಯ ಕಾಲದ್ದು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಇದೇ ಹಳೆಯದು ಅಂತ ತಿಳಿದವರು ಹೇಳ್ತಾರೆ. 2018ರಲ್ಲಿ ಚರಂಡಿ ಕೆಲಸದ ಅಗೆತದ ಜಾಗದಲ್ಲಿ ಇದನ್ನು ಗುರುತಿಸಿ ಉಳಿಸಿಕೊಂಡವರು ಶಾಸನಗಳ ಬಗ್ಗೆ ಕಾಳಜಿ ಇರುವ ಸಾಮಾನ್ಯ ನಾಗರಿಕರು. ಈಗ ಅದಕ್ಕೊಂದು ಮಂಟಪ ಆಗಿದೆ. ರಟ್ಟವಾಡಿಯ, ಅಂದರೆ ರಾಷ್ಟ್ರಕೂಟರ ಸೀಮೆಯ ದಂಡು ಬಂದಾಗ ಎದುರು ನಿಂತು ಕಿತ್ತಯ್ಯ ಸತ್ತ ಅಂತ ಅದರಲ್ಲಿದೆ. ರಾಜನಲ್ಲ, ದೊಡ್ಡ ಸೇನಾಪತಿಯೂ ಅಲ್ಲ. ಊರಿಗಾಗಿ ಸತ್ತ ಒಬ್ಬನ ಹೆಸರು ಸಾವಿರದ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಕಲ್ಲಿನಲ್ಲಿ ಉಳಿದಿದೆ. ನನಗೆ ಪ್ರತಿ ಸಲವೂ ಅಲ್ಲಿ ಗಂಟಲು ಕಟ್ಟುತ್ತೆ.

ಟಾರ್ಚಿನ ವಿಷಯ ಇಲ್ಲೇ ಹೇಳಿಬಿಡ್ತೀನಿ. ಹಳೆ ಕಲ್ಲಿನ ಅಕ್ಷರ ನೇರ ಬೆಳಕಿನಲ್ಲಿ ಕಾಣಲ್ಲ, ಬರೀ ಒರಟು ಕಲ್ಲಿನ ಹಾಗೆ ಇರುತ್ತೆ. ಟಾರ್ಚನ್ನು ಕಲ್ಲಿನ ಅಂಚಿಗೆ ತಂದು, ಬೆಳಕು ಮೈ ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಹಿಡಿಯಬೇಕು. ಆಗ ಕೊರೆದ ಗುಣಿಗಳಲ್ಲಿ ನೆರಳು ತುಂಬುತ್ತೆ, ಅಕ್ಷರಗಳು ಸಾಲು ಸಾಲಾಗಿ ಎದ್ದು ಬರ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೂ ಇದೇ ಕೆಲಸ ಮಾಡುತ್ತೆ. ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಕಲ್ಲಿಗೆ ಹಚ್ಚಬೇಡಿ, ಕೈಯಲ್ಲಿ ಉಜ್ಜಲೂ ಬೇಡಿ. ಓದೋಕೆ ಬರದಿದ್ದರೂ ಪರವಾಗಿಲ್ಲ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸೀಮೆಯ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವ ಹಾಗೆ ಇಡುತ್ತಿದ್ದಾರೆ. ಮನೆಗೆ ಬಂದು ಅಲ್ಲಿ ಅಕ್ಷರ ಅಕ್ಷರ ಬಿಡಿಸಿ ನೋಡಬಹುದು.

ಬೇಗೂರು ನನಗೆ ತುಂಬಾ ಹಿಡಿಸಿದ ಜಾಗ. ಹೊಸೂರು ರಸ್ತೆಯ ಗದ್ದಲ ದಾಟಿ ಒಳಗೆ ಹೋದರೆ ಒಂದು ಕಡೆ ವಿಶಾಲವಾದ ಕೆರೆ, ಇನ್ನೊಂದು ಕಡೆ ನಾಗೇಶ್ವರನ ಗುಡಿ. ಜನ ಪಂಚಲಿಂಗೇಶ್ವರ ಅಂತಲೂ ಕರೀತಾರೆ. ಗಂಗರ ಕಾಲದಲ್ಲಿ ಶುರುವಾಗಿ ಚೋಳರ ಕಾಲದಲ್ಲಿ ಬೆಳೆದ ಗುಡಿ ಇದು. ಆವರಣದಲ್ಲಿ ಒಂದು ಶಾಸನದ ಕಲ್ಲಿದೆ, ಸುಮಾರು 890ರದ್ದು. ಬೆಂಗಳೂರು ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರನ ಮಗ ಸತ್ತ ಅನ್ನೋದು ಅದರ ತಿರುಳು. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ ಅಂತ ಹೇಳ್ತಾರಲ್ವಾ? ಅದಕ್ಕಿಂತ ಆರು ಶತಮಾನಕ್ಕೂ ಮುಂಚೆಯೇ ಬೆಂಗಳೂರು ಅನ್ನೋ ಹೆಸರಿನ ಊರಿತ್ತು ಅನ್ನೋದಕ್ಕೆ ಈ ಕಲ್ಲೇ ಸಾಕ್ಷಿ.

ಅಲ್ಲಿ ಕಲ್ಲಿನ ಮುಂದೆ ಕೂತಿದ್ದಾಗ ಪ್ರದಕ್ಷಿಣೆ ಮುಗಿಸಿ ಬಂದ ಅಜ್ಜರೊಬ್ಬರು, "ಏನಮ್ಮಾ, ಕಲ್ಲು ನೋಡಕ್ಕೆ ಬಂದ್ಯಾ? ಕೆರೆ ನೋಡಿದ್ಯೋ ಇಲ್ವೋ?" ಅಂದರು. ನೋಡಿದೆ ಅಜ್ಜಾ ಅಂದೆ. "ಏರಿ ಮೇಲೆ ನಡೀಬೇಕು, ರಸ್ತೆಯಿಂದ ನೋಡಿದ್ರೆ ನೋಡಿದಂಗಲ್ಲ" ಅಂತ ಹೇಳಿ, ಕೆರೆ ನೀರು ಹೊರಗೆ ಬಿಡುವ ತೂಬು ಎಲ್ಲಿತ್ತು, ಅವರ ಗದ್ದೆಗೆ ನೀರು ಯಾವ ದಾರೀಲಿ ಬರ್ತಿತ್ತು ಅಂತ ಕೋಲಿನಲ್ಲಿ ನೆಲದ ಮೇಲೆ ಗೆರೆ ಹಾಕಿ ತೋರಿಸಿದರು. ಇಂಥ ಮಾತು ಯಾವ ಬೋರ್ಡಿನಲ್ಲೂ ಬರೆದಿರಲ್ಲ. ಕೆರೆ ದಂಡೆಯಲ್ಲಿ ಹಿರಿಯರು ಸಿಕ್ಕರೆ ಎರಡು ನಿಮಿಷ ನಿಂತು ಮಾತಾಡಿಸಿ.

ತೂಬಿನ ಮಾತು ಬಂತಲ್ಲ, ಅಗರದ ಶಾಸನವನ್ನೂ ಹೇಳಬೇಕು. ಸುಮಾರು 870ರದ್ದು. ಇರುಗಮಯ್ಯ ಅನ್ನುವವನು ಎರಡು ಕೆರೆಗಳಿಗೆ ತೂಬು ಇಡಿಸಿ, ಇನ್ನೊಂದು ಕೆರೆ ಕಟ್ಟಿಸಿದ ಅಂತ ಅದರಲ್ಲಿದೆ. ಇವತ್ತು ಅಗರ ಅಂದರೆ ಜನಕ್ಕೆ ನೆನಪಾಗೋದು ಹೊರವರ್ತುಲ ರಸ್ತೆಯ ಟ್ರಾಫಿಕ್. ಅಲ್ಲಿನ ಕೆರೆಗಳಿಗೆ ಸಾವಿರ ವರ್ಷ ಮೀರಿದ ಕಥೆ ಇದೆ ಅಂತ ಗೊತ್ತಾದ ಮೇಲೆ ಆ ರಸ್ತೆಯೂ ನನಗೆ ಬೇರೆ ಥರ ಕಾಣುತ್ತೆ.

ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗೋದಾದರೆ ಕೆಂಪಾಂಬುಧಿ ಕೆರೆ ಒಳ್ಳೇದು. ಕೆಂಪೇಗೌಡರ ಕಾಲದ ಕೆರೆ. ಪಕ್ಕದಲ್ಲೇ ಬಂಡೆ ಮೇಲೆ ನಾಲ್ಕು ಗಡಿಗೋಪುರಗಳಲ್ಲಿ ಒಂದು ನಿಂತಿದೆ. ಮಿಕ್ಕವು ಲಾಲ್‌ಬಾಗಿನ ಬಂಡೆ, ಹಲಸೂರು ಕೆರೆ ಹತ್ತಿರ, ಮೇಖ್ರಿ ವೃತ್ತದ ಬಳಿ. ಕೆಂಪಾಂಬುಧಿಯಿಂದ ನಡೆದುಕೊಂಡೇ ಗವಿ ಗಂಗಾಧರೇಶ್ವರನ ಗುಡಿಗೆ ಹೋಗಬಹುದು. ಬಂಡೆಯನ್ನೇ ಕೊರೆದ ಗವಿ, ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಅನ್ನೋ ದೊಡ್ಡ ಕಲ್ಲಿನ ಬಿಲ್ಲೆಗಳು. ಸಂಕ್ರಾಂತಿ ಸಂಜೆ ಬಿಸಿಲು ಬಸವನ ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ಆ ದಿನ ವಿಪರೀತ ಜನ. ಕಂಬ, ಕೆತ್ತನೆ ಸಮಾಧಾನವಾಗಿ ನೋಡಬೇಕು ಅಂದರೆ ಬೇರೆ ದಿನ ಹೋಗಿ.

ಲಾಲ್‌ಬಾಗ್ ಎಲ್ಲರಿಗೂ ಗೊತ್ತು. ಒಂದೇ ಮಾತು: ಗಾಜಿನ ಮನೆ ನೋಡಿ ಹೊರಡಬೇಡಿ, ಬಂಡೆ ಹತ್ತಿ. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಲ್ಲಿಂದ ಇಳಿದು ಕೆರೆ ಸುತ್ತಿ ಬಂದರೆ ಬೆಳಗು ಸಾರ್ಥಕ. ಹಲಸೂರಿಗೆ ಮೆಟ್ರೋ ಇದೆ. ಇಳಿದು ಸೋಮೇಶ್ವರನ ಗುಡಿ ನೋಡಿಕೊಂಡು ಕೆರೆಗೆ ನಡೆಯಿರಿ.

ಸ್ಯಾಂಕಿ ಕೆರೆ ಇವಕ್ಕೆಲ್ಲ ಹೋಲಿಸಿದರೆ ಹೊಸದು, 1882ರದ್ದು. ಇಲ್ಲಿ ಕೆರೆಗಿಂತ ಅದರ ಕೆಳಗಿನ ಮಲ್ಲೇಶ್ವರವೇ ನನಗೆ ಮುಖ್ಯ. ಕಾಡು ಮಲ್ಲೇಶ್ವರನ ಗುಡಿಯಲ್ಲಿ 1669ರ ಶಾಸನ ಇದೆ, ಮರಾಠರ ಏಕೋಜಿ ಬಿಟ್ಟುಕೊಟ್ಟ ದತ್ತಿಯದು. ಎದುರಿಗೇ ನಂದಿತೀರ್ಥ. ಬಸವನ ಬಾಯಿಂದ ನೀರು ಸಣ್ಣಗೆ ಲಿಂಗದ ಮೇಲೆ ಬೀಳುತ್ತಲೇ ಇರುತ್ತೆ. ಈ ಕಲ್ಯಾಣಿ ಮಣ್ಣಲ್ಲಿ ಹೂತು ಹೋಗಿತ್ತು, 1997ರಲ್ಲಿ ಅಗೆದಾಗ ಮತ್ತೆ ಬೆಳಕಿಗೆ ಬಂತು. ಮೆಟ್ಟಿಲ ಮೇಲೆ ಕೂತು ಕಾಲಿಗೆ ತಂಪು ತಗಲಿಸಿಕೊಂಡು ಬಂದರೆ ಸಾಕು, ಊರಿನ ದಣಿವೆಲ್ಲ ಇಳಿಯುತ್ತೆ.

ಇನ್ನು, ಇಲ್ಲದ ಕೆರೆಗಳನ್ನೂ ನೋಡಿ ಬನ್ನಿ ಅಂತ ಕೇಳಿಕೊಳ್ತೀನಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ಸಂಪಂಗಿ ಕೆರೆಯದ್ದು ಒಂದು ಪುಟ್ಟ ಹೊಂಡ ಮಾತ್ರ ಉಳಿದಿದೆ. ಕರಗಕ್ಕೆ ಮುಂಚೆ ನಡೆಯುವ ಹಸಿ ಕರಗಕ್ಕೆ ತಿಗಳ ಸಮುದಾಯದವರು ಇವತ್ತಿಗೂ ಅಲ್ಲಿಗೇ ಬರ್ತಾರೆ. ಚೈತ್ರದಲ್ಲಿ ಬಿಡುವು ಮಾಡಿಕೊಂಡು ಹೋಗಿ. ಕೆರೆ ಹೋದರೂ ಅದರ ಜೊತೆಗಿನ ನಂಟನ್ನು ಬಿಡದ ಜನ ಈ ಊರಲ್ಲಿ ಇನ್ನೂ ಇದ್ದಾರೆ.