ಬಿಸಿಲಿಗೆ ಬಿದ್ದವರಿಗೆ ನೀರು ಮೊದಲು ಮೈಗೆ, ಬಾಯಿಗಲ್ಲ

ಕಳೆದ ಮೇ ತಿಂಗಳಲ್ಲಿ ಅಂಕೋಲಾ ಕಡೆಯ ಮದುವೆ ಮನೆಯೊಂದರಲ್ಲಿ ಅಡುಗೆಯವರು ಒಲೆ ಪಕ್ಕದಲ್ಲೇ ಕುಸಿದರು. ಒಬ್ಬರು ಬಾಯಿಗೆ ಮುರುಗಲು ಪಾನಕ ಸುರಿಯುತ್ತಿದ್ದರು, ಇನ್ನೊಬ್ಬರು ಹಣೆಗೆ ಬಾಮ್ ತಿಕ್ಕುತ್ತಿದ್ದರು. ಮೈಗೆ ಒಂದು ಚೊಂಬು ನೀರು ಹಾಕಿದವರಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗುರುತಿಸಿ. ಸುಸ್ತು, ತಲೆಸುತ್ತು ಇದ್ದರೂ ಮಾತು ಸರಿಯಿದ್ದರೆ ನೆರಳಲ್ಲಿ ಮಲಗಿಸಿ, ಕುಡಿಯಲು ಕೊಡಿ. ಮೈ ಕಾದು, ಮಾತು ತೊದಲಿ, ಏನೇನೋ ಬಡಬಡಿಸಿದರೆ, ತೂರಾಡಿದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ದೇಹದ ಒಳಗಿನ ಬಿಸಿ ಸಾಮಾನ್ಯವಾಗಿ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ. "ಬೆವರುತ್ತಿದ್ದಾರಲ್ಲ, ಏನೂ ಆಗಿಲ್ಲ" ಅನ್ನಲೂಬೇಡಿ. ಸಾಣಿಕಟ್ಟಾದ ಉಪ್ಪಿನ ಗದ್ದೆಯಲ್ಲೋ ಬೈತಖೋಲ ಬಂದರಿನಲ್ಲೋ ದುಡಿಯುತ್ತಾ ಬಿದ್ದವರ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು.

108ಕ್ಕೆ ಫೋನ್ ಮಾಡಿಸಿ, ನೆರಳಿಗೆ ಎಳೆದುಕೊಳ್ಳಿ, ಬಟ್ಟೆ ಕಳಚಿ.

ಈಗ ತಂಪು ಮಾಡುವುದು. ಜಾಸ್ತಿ ಜನ ತಪ್ಪುವುದು ಇಲ್ಲೇ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ, ಮೈಮೇಲಿನ ನೀರು ಬೇಗ ಆರುವುದಿಲ್ಲ. ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಸುಮ್ನೆ ಒರೆಸಿದರೆ ಸಾಲದು. ಕೊಡಗಟ್ಟಲೆ ಸುರಿಯಬೇಕು. ತಾರಸಿಯ ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತದೆ, ಬಾವಿಯಿಂದಲೇ ಸೇದಿ. ಮೂಗು, ಬಾಯಿ ಬಿಟ್ಟು ಎದೆ, ಹೊಟ್ಟೆ, ತೊಡೆಗೆ ಬಿಡದೆ ಹಾಕುತ್ತಿರಿ. ಇನ್ನೊಬ್ಬರು ಅಡಿಕೆ ಹಾಳೆಯಿಂದಲೋ ಫ್ಯಾನಿನಿಂದಲೋ ಗಾಳಿ ಹಾಕಲಿ. ದಪ್ಪ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಮೈ ಬಿಸಿಗೆ ಬೆಚ್ಚಗಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ. ತೆಳ್ಳಗಿನ ಪಂಚೆ ಒಳ್ಳೆಯದು, ಅದಕ್ಕೂ ಪದೇ ಪದೇ ನೀರು ಹಾಕುತ್ತಿರಬೇಕು.

ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ನಮ್ಮೂರಲ್ಲಿ ಐಸ್‌ಗೆ ಬರವೇ? ಮೀನು ಮಾರುವ ಅಕ್ಕನ ಪೆಟ್ಟಿಗೆಯಲ್ಲೇ ಇರುತ್ತದೆ, ಕೇಳಿ ತನ್ನಿ. ಹಣೆಗೆ ಅಂಟಿಸುವ ಕೂಲಿಂಗ್ ಪಟ್ಟಿಗೆ ದುಡ್ಡು ಹಾಕಬೇಡಿ. ಇಡೀ ಮೈಯ ಬಿಸಿಯನ್ನು ಅಂಗೈಯಗಲದ ಪಟ್ಟಿ ಇಳಿಸುತ್ತದೆಯೇ?

ಎಚ್ಚರ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಜ್ವರದ ಮಾತ್ರೆ ಕೊಡಲೇಬೇಡಿ, ಇದು ಜ್ವರವಲ್ಲ.

ಆಂಬುಲೆನ್ಸ್ ತಡವಾದರೆ ಸಿಕ್ಕ ಗಾಡಿಯಲ್ಲಿ ಹೊರಡಿ, ಆದರೆ ದಾರಿಯಲ್ಲೂ ನೀರು ಹಾಕುವುದು, ಗಾಳಿ ಬೀಸುವುದು ನಿಲ್ಲಬಾರದು. ಎರಡು ಕ್ಯಾನ್ ತಣ್ಣೀರು ಹಿಂದಿನ ಸೀಟಿನಲ್ಲಿ ಇಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಬಿದ್ದರು, ನೀರು ಹಾಕಲು ಯಾವಾಗ ಶುರು ಮಾಡಿದಿರಿ ಎಂದು ಡಾಕ್ಟರಿಗೆ ಹೇಳಿ.