ಆರೂವರೆ ಕಿಲೋ ಕೀಬೋರ್ಡಿನಲ್ಲೇ ಶೋ, ಅದರಲ್ಲೇ ರೆಕಾರ್ಡಿಂಗ್: ನನ್ನ ಅನುಭವ

‘ಏನ್ ಗುರೂ, ಆಟದ ಸಾಮಾನು ತಂದಿದ್ದೀಯಾ?’ ಬ್ಯಾಗಿನಿಂದ ಕೀಬೋರ್ಡ್ ತೆಗೆದಾಗ ನಮ್ಮ ಡ್ರಮ್ಮರ್ ಕೇಳಿದ ಮೊದಲ ಮಾತು ಇದು. ಅವನನ್ನೂ ದೂರುವ ಹಾಗಿಲ್ಲ. ಎಂಟು ವರ್ಷ ನಾನು 88 ಕೀಗಳ, ಇಪ್ಪತ್ತು ಕಿಲೋ ದಾಟುವ ಪೆಟ್ಟಿಗೆ ಹೊತ್ತು ತಿರುಗಿದವನು. ಜೊತೆಗೆ ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಸದ್ದು ಒಳಹೊರಗೆ ಸಾಗಿಸುವ ಪೆಟ್ಟಿಗೆ), ಒಂದು ಚೀಲ ಕೇಬಲ್. ಈಗ 61 ಕೀ, ಒಂದೇ ಬ್ಯಾಗ್. ಹೆಚ್ಚುಕಡಿಮೆ ಒಂದೂವರೆ ವರ್ಷದಿಂದ ಶೋ, ರೆಕಾರ್ಡಿಂಗ್ ಎರಡೂ ಇದರಲ್ಲೇ ನಡೆದಿವೆ.

ಬದಲಾಯಿಸಲು ಕಾರಣ ಲ್ಯಾಪ್‌ಟಾಪ್. ಆಗ ಸದ್ದು ಬರುತ್ತಿದ್ದುದು ಅದರಿಂದಲೇ. ಬಫರ್ (ಸದ್ದನ್ನು ಹೊರಗೆ ಕಳಿಸುವ ಮುನ್ನ ಅದು ಕೂಡಿಟ್ಟುಕೊಳ್ಳುವ ತುಣುಕು) 64ಕ್ಕೆ ಇಟ್ಟರೆ ಚಟಚಟ ಸದ್ದು, 256ಕ್ಕೆ ಏರಿಸಿದರೆ ಬೆರಳು ಮುಂದೆ, ಸದ್ದು ಹಿಂದೆ. ಒಂದು ಶೋನಲ್ಲಿ ಯಾರದೋ ಕಾಲು ತಗುಲಿ ಯುಎಸ್‌ಬಿ ಕೇಬಲ್ ಕಿತ್ತುಬಂತು. ಹಾಡಿನ ಉಳಿದ ಭಾಗಕ್ಕೆ ನಾನು ಸುಮ್ನೆ ತಲೆ ಆಡಿಸುತ್ತಾ ನಿಂತಿದ್ದೆ. ಮಾರನೇ ವಾರ ದೊಡ್ಡ ಕೀಬೋರ್ಡ್ ಮಾರಿದೆ. ಕೊಂಡಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು. ಅದರಲ್ಲೇ ಸೆಕೆಂಡ್ ಹ್ಯಾಂಡ್ 61 ಕೀ ಬಂತು, ಕಾಲಲ್ಲೇ ಸದ್ದು ಏರಿಳಿಸುವ ಒಂದು ಒಳ್ಳೆಯ ಎಕ್ಸ್‌ಪ್ರೆಶನ್ ಪೆಡಲ್ಲೂ ಬಂತು.

ಮೊದಲ ಮೂರು ಶೋ ಹಾಳು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಮೊದಲನೆಯದರಲ್ಲಿ ಪ್ಯಾಚ್ (ಸೇವ್ ಮಾಡಿಟ್ಟ ಸದ್ದು) ಬದಲಾಯಿಸಿದಾಗಲೆಲ್ಲ ರಿವರ್ಬ್ (ಪ್ರತಿಧ್ವನಿಯಂಥ ಗುಂಗು) ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಇಂಥ ಹಲವು ಕೀಬೋರ್ಡುಗಳಲ್ಲಿ ಪ್ಯಾಚ್ ಜೊತೆ ಎಫೆಕ್ಟೂ ಹೊಸದಾಗಿ ಲೋಡ್ ಆಗುತ್ತೆ, ಅಲ್ವಾ? ಮನೆಯಲ್ಲಿ ಒಬ್ಬನೇ ನುಡಿಸುವಾಗ ಇದು ಗಮನಕ್ಕೇ ಬಂದಿರಲಿಲ್ಲ. ನಿಧಾನದ ಹಾಡಿನ ಮಧ್ಯೆ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸದ್ದು) ಹಠಾತ್ತನೆ ನಿಂತಾಗ ಗಾಯಕಿ ತಿರುಗಿ ನೋಡಿದರು.

ಆಮೇಲೆ ಪ್ಯಾಚ್ ಬದಲಾಯಿಸುವುದನ್ನೇ ಬಿಟ್ಟೆ. ಒಂದು ಹಾಡಿಗೆ ಒಂದೇ ಪರ್ಫಾರ್ಮೆನ್ಸ್ (ಹಲವು ಸದ್ದು ಒಟ್ಟಿಗೆ ಕೂಡಿಸಿದ ಸೆಟ್), ಅದರೊಳಗೆ ನಾಲ್ಕು ಪಾರ್ಟ್, ಅಂದರೆ ನಾಲ್ಕು ಸದ್ದು. ಹಾಡಿನ ನಡುವೆ ಪಾರ್ಟುಗಳನ್ನು ಆನ್, ಆಫ್ ಮಾಡುವುದು ಅಷ್ಟೇ. ರಿವರ್ಬ್ ಎಲ್ಲಕ್ಕೂ ಒಂದೇ, ಆದ್ದರಿಂದ ಕತ್ತರಿಸುವ ಪ್ರಶ್ನೆಯೇ ಇಲ್ಲ. ‘61 ಕೀಯಲ್ಲಿ ನಾಲ್ಕು ಸದ್ದು ಎಲ್ಲಿ ಹಿಡಿಯುತ್ತೆ’ ಅಂತ ಕೇಳಿದವರೇ ಜಾಸ್ತಿ. ಹಿಡಿಯುತ್ತೆ. ನಾನು ಹೆಚ್ಚು ನುಡಿಸುವ ಒಂದು ಸೆಟ್ ಹೀಗಿದೆ: ಪಿಯಾನೋ ಕೆಳಗಿನ ಮೂರೂವರೆ ಆಕ್ಟೇವ್ (ಒಂದು ಆಕ್ಟೇವ್ ಅಂದರೆ ಹನ್ನೆರಡು ಕೀ). ಸ್ಟ್ರಿಂಗ್ಸ್ ಅದೇ ಜಾಗದಲ್ಲಿ, ಆದರೆ ವಾಲ್ಯೂಮ್ ಪೂರಾ ಎಕ್ಸ್‌ಪ್ರೆಶನ್ ಪೆಡಲ್ ಕೈಯಲ್ಲಿ (ಸಿಸಿ ಅಂದರೆ ಕಂಟ್ರೋಲ್ ಸಂಖ್ಯೆ; ಪೆಡಲಿಗೆ ಸಿಸಿ 11, ಪಾರ್ಟಿನ ಮೂಲ ವಾಲ್ಯೂಮಾದ ಸಿಸಿ 7 ಅಲ್ಲ, 7ಕ್ಕೆ ಕೊಟ್ಟರೆ ಮಿಕ್ಸ್ ಕೆಡುತ್ತೆ). ಮೇಲಿನ ಸುಮಾರು ಒಂದೂವರೆ ಆಕ್ಟೇವ್‌ನಲ್ಲಿ ಮೋನೋ ಲೀಡ್ (ಒಮ್ಮೆಗೆ ಒಂದೇ ಸ್ವರ ನುಡಿಯುವ ಮುಖ್ಯ ಸದ್ದು), ಅದನ್ನು ಒಂದು ಆಕ್ಟೇವ್ ಕೆಳಗೆ ಇಳಿಸಿರುತ್ತೇನೆ. ಅದರ ಪಿಚ್ ಬೆಂಡ್ (ಸ್ವರವನ್ನು ಜಾರಿಸುವುದು) ಮೇಲಕ್ಕೆ 2, ಕೆಳಕ್ಕೆ 12 ಅರ್ಧಸ್ವರ. ತುದಿಯ ಮೂರು ಕೀಗಳಲ್ಲಿ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿದ ಸದ್ದಿನ ತುಣುಕು).

ಎರಡನೇ ಶೋ ಹಾಳಾಗಿದ್ದು ಪಾಲಿಫೊನಿಯಿಂದ, ಅಂದರೆ ಒಮ್ಮೆಗೆ ಎಷ್ಟು ವಾಯ್ಸ್ (ಸದ್ದಿನ ಎಳೆ) ನುಡಿಯಬಹುದು ಅನ್ನುವ ಮಿತಿಯಿಂದ. 128 ಅಂತ ಬಾಕ್ಸ್ ಮೇಲೆ ಇರುತ್ತೆ, ನಂಬಿಬಿಡುತ್ತೇವೆ. ಲೆಕ್ಕ ಹಾಕಿ ನೋಡಿ. ಸ್ಟೀರಿಯೋ ಪಿಯಾನೋಗೆ ಕೀ ಒಂದಕ್ಕೆ ಎರಡು ವಾಯ್ಸ್. ಅದರ ಕೆಳಗೆ ನಾಲ್ಕು ಎಲಿಮೆಂಟ್‌ಗಳ (ಸದ್ದಿನ ಪದರಗಳ) ಸ್ಟೀರಿಯೋ ಸ್ಟ್ರಿಂಗ್ಸ್, ಅಂದರೆ ಎಂಟು. ಒಟ್ಟು ಹತ್ತು. ಸಸ್ಟೇನ್ ಪೆಡಲ್ (ಬೆರಳೆತ್ತಿದರೂ ಸ್ವರ ನಿಲ್ಲದ ಹಾಗೆ ಹಿಡಿಯುವುದು) ಒತ್ತಿಕೊಂಡು ಹದಿಮೂರನೇ ಸ್ವರ ನುಡಿಸಿದರೆ ಮೊದಲನೆಯದು ಹೋಯಿತು. ಸಾಮಾನ್ಯವಾಗಿ ಹೋಗುವುದು ಎಡಗೈಯ ತಳದ ಸ್ವರ, ಕೋಡಿನ ಬುಡವೇ ಕುಸಿದ ಹಾಗೆ ಕೇಳುತ್ತೆ. ಸ್ಟ್ರಿಂಗ್ಸನ್ನು ಎರಡು ಎಲಿಮೆಂಟಿಗೆ ಇಳಿಸಿದೆ. ಆ ಪಾರ್ಟಿಗೆ ಸಸ್ಟೇನ್ ಪೆಡಲ್ ತಲುಪದ ಹಾಗೆ ರಿಸೀವ್ ಸ್ವಿಚ್ ಆಫ್ ಮಾಡಿ, ರಿಲೀಸ್ (ಬೆರಳೆತ್ತಿದ ಮೇಲೆ ಸದ್ದು ಆರುವ ಹೊತ್ತು) ಮಾತ್ರ ಸ್ವಲ್ಪ ಉದ್ದ ಇಟ್ಟೆ. ಗಲೀಜೂ ಕಡಿಮೆಯಾಯಿತು, ವಾಯ್ಸೂ ಉಳಿಯಿತು. ಆ ಎರಡು ಎಲಿಮೆಂಟ್ ಯಾವುವು ಅಂತ ಕೇಳಬೇಡಿ, ಅದು ಹೇಳೋದಿಲ್ಲ.

ಮೂರನೆಯದು ನೆನೆದರೆ ಈಗಲೂ ಬೆವರು. ಸೌಂಡ್ ಚೆಕ್‌ಗೆ ಕೂತೆ, ಕೀ ಒತ್ತಿದೆ, ಸದ್ದಿಲ್ಲ. ಕೇಬಲ್ ಬದಲಾಯಿಸಿದೆವು, ಡಿಐ ಬಾಕ್ಸ್ (ಕೀಬೋರ್ಡನ್ನು ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ) ಬದಲಾಯಿಸಿದೆವು. ಸೌಂಡ್ ಇಂಜಿನಿಯರ್ ಮಿಕ್ಸರಿನ ಚಾನಲ್ಲೇ ಬದಲಾಯಿಸಿದರು. ಹೆಡ್‌ಫೋನಿನಲ್ಲೂ ಸದ್ದಿಲ್ಲ. ‘ನಾನು ಅವತ್ತೇ ಹೇಳಲಿಲ್ವಾ’ ಅಂತ ಡ್ರಮ್ಮರ್ ಮುಖದಲ್ಲೇ ಬರೆದಿತ್ತು. ಇಪ್ಪತ್ತು ನಿಮಿಷ ಆದಮೇಲೆ ನೆನಪಾಯಿತು: ಹಿಂದಿನ ರಾತ್ರಿ ರೆಕಾರ್ಡಿಂಗ್‌ಗೆ ಲೋಕಲ್ ಕಂಟ್ರೋಲ್ (ಕೀ ಒತ್ತಿದರೆ ಕೀಬೋರ್ಡಿನದೇ ಸದ್ದು ಬರಿಸುವ ಕೊಂಡಿ) ಆಫ್ ಮಾಡಿ, ಹಾಗೇ ಸೇವ್ ಮಾಡಿದ್ದೆ! ಡಿಎಡಬ್ಲ್ಯೂ (ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಸಾಫ್ಟ್‌ವೇರ್) ಜೊತೆ ನುಡಿಸುವಾಗ ಲೋಕಲ್ ಆಫ್ ಇಲ್ಲದಿದ್ದರೆ ಪ್ರತಿ ಸ್ವರ ಎರಡು ಸಲ ಬರುತ್ತೆ (ನೇರ ಒಮ್ಮೆ, ಲ್ಯಾಪ್‌ಟಾಪ್ ಸುತ್ತಿ ಬಂದು ಒಮ್ಮೆ), ಅದು ಬೇಕೇ ಬೇಕು. ಆದರೆ ಅದನ್ನು ಸೇವ್ ಮಾಡಿದವನು ದಡ್ಡ. ಈಗ ರೆಕಾರ್ಡಿಂಗ್‌ಗೆ ಬೇರೆ ಸೆಟಪ್ ಫೈಲ್, ಸ್ಟೇಜಿಗೆ ಬೇರೆ. ಪವರ್ ಸ್ವಿಚ್ ಪಕ್ಕ ಟೇಪ್ ಮೇಲೆ ‘ಲೋಕಲ್?’ ಅಂತ ಬರೆದು ಅಂಟಿಸಿದ್ದೇನೆ.

ದುಡ್ಡು ಹೆಚ್ಚು ಹೋಗಿದ್ದು ಒಂದು ಗುಂಯ್ ಸದ್ದಿಗೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ ತಕ್ಷಣ ರೆಕಾರ್ಡಿಂಗ್‌ನಲ್ಲಿ ಗುಂಯ್ ಶುರು. ಅಗ್ಗದ ಯುಎಸ್‌ಬಿ ಐಸೋಲೇಟರ್ (ಎರಡು ಉಪಕರಣಗಳ ನಡುವಿನ ವಿದ್ಯುತ್ ಸಂಪರ್ಕ ಬೇರ್ಪಡಿಸುವುದು) ತರಿಸಿದೆ. ಗುಂಯ್ ಹೋಯಿತು, ಮಿಡಿ (ಯಾವ ಕೀ ಯಾವಾಗ ಒತ್ತಿದ್ದು ಅನ್ನುವ ಮಾಹಿತಿ, ಸದ್ದಲ್ಲ) ಬಂತು, ಆಡಿಯೋ ಮಾತ್ರ ನಾಪತ್ತೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ಹೋಗುತ್ತೆ. ಮಿಡಿಗೆ ಅದು ಬೇಕಾದಷ್ಟು, ನನ್ನ ಕೀಬೋರ್ಡಿನ ಹಲವು ಚಾನಲ್ ಆಡಿಯೋಗೆ ಸಾಲದು. ಹೈ ಸ್ಪೀಡ್ ಐಸೋಲೇಟರಿನ ಬೆಲೆ ಸುಮಾರು ಆರು ಪಟ್ಟು. ಅದನ್ನು ಕೊಳ್ಳಲಿಲ್ಲ. ಟೇಕ್ ತೆಗೆದುಕೊಳ್ಳುವಾಗ ಚಾರ್ಜರ್ ಕೀಳುತ್ತೇನೆ, ಖರ್ಚು ಸೊನ್ನೆ. ಇನ್ನೊಂದು ದಂಡ: ಒಂದು ಶೋನ ಪೂರ್ತಿ ಸಂಭಾವನೆ ಹಾಕಿ ಕೊಂಡ ಸೌಂಡ್ ಲೈಬ್ರರಿ. ಮುನ್ನೂರು ಚಿಲ್ಲರೆ ಪ್ಯಾಚ್, ಬಳಸಿದ್ದು ಎರಡು.

ಪವರ್ ಬ್ಯಾಂಕಿನಲ್ಲಿ ಓಡಿಸುವ ಪ್ರಯೋಗವನ್ನೂ ಮಾಡಿದೆ. ನನ್ನದು 12 ವೋಲ್ಟ್ ಕೀಬೋರ್ಡ್, ಪಿಡಿ ಟ್ರಿಗರ್ ಕೇಬಲ್ (ಪವರ್ ಬ್ಯಾಂಕಿನಿಂದ ಬೇಕಾದ ವೋಲ್ಟ್ ಕೇಳಿ ಪಡೆಯುವುದು) ಹಾಕಿ ಮೂರು ಗಂಟೆ ಆರಾಮಾಗಿ ನುಡಿಸಿದೆ. ಕೆಲವು ಕೀಬೋರ್ಡಿಗೆ ಪಿನ್ನಿನ ನಡುವೆ ಪ್ಲಸ್, ಕೆಲವಕ್ಕೆ ಮೈನಸ್. ಅಡಾಪ್ಟರ್ ಮೇಲಿನ ಚಿತ್ರ ನೋಡದೆ ಚುಚ್ಚಬೇಡಿ. ನಾನು ಒಂದು ಸಣ್ಣ ಎಫೆಕ್ಟ್ ಪೆಡಲ್ ಸುಟ್ಟುಕೊಂಡು ಕಲಿತಿದ್ದು ಇದು.

ರೆಕಾರ್ಡಿಂಗ್ ಸುಲಭ. ಮೊದಲು ಮಿಡಿ ಮಾತ್ರ ಹಿಡಿಯುತ್ತೇನೆ, ತಪ್ಪು ತಿದ್ದುತ್ತೇನೆ. ಆಮೇಲೆ ಅದನ್ನೇ ಕೀಬೋರ್ಡಿಗೆ ವಾಪಸ್ ಕಳಿಸಿ, ಪಾರ್ಟ್‌ಗೊಂದು ಟ್ರ್ಯಾಕ್ ಹಾಗೆ ರಿವರ್ಬ್ ಇಲ್ಲದೆ ಆಡಿಯೋ ತೆಗೆಯುತ್ತೇನೆ. ಒಂದು ಹಾಡಿಗೆ ತುಕ್ಕು ಹಿಡಿದ ಗೇಟಿನ ಕಿರ್ರ್ ಸದ್ದನ್ನು ಫೋನಿನಲ್ಲಿ ಹಿಡಿದು, ಎರಡು ಆಕ್ಟೇವ್ ಇಳಿಸಿ ಪ್ಯಾಡ್ ಮಾಡಿದೆ. ಚೆಲ್ಲೋ ಯಾರು ನುಡಿಸಿದ್ದು ಅಂತ ಇಬ್ಬರು ಕೇಳಿದರು.

ಇನ್ನೊಂದು ವಿಷಯ. ಹೆಡ್‌ಫೋನಿನಲ್ಲಿ ಕೂತು ಮಾಡಿದ ಸದ್ದು ಸ್ಟೇಜಿನಲ್ಲಿ ನಿಲ್ಲೋದಿಲ್ಲ. ಅಲ್ಲಿ ಮಿಕ್ಸರಿಗೆ ಒಂದೇ ಲೈನ್ ಸಿಕ್ಕಾಗ ಸ್ಟೀರಿಯೋ ಪಿಯಾನೋ ತಗಡಿನ ಹಾಗೆ ಕೇಳುತ್ತೆ. ನಾನು ಒಂದೇ ಚಾನಲ್ಲಿನ ಮೋನೋ ಪಿಯಾನೋ ಆರಿಸಿ, ಕೋರಸ್ ಎಫೆಕ್ಟ್ ತೆಗೆದು, 120 ಹರ್ಟ್ಸ್ ಕೆಳಗಿನದನ್ನು ಕಡಿದುಬಿಟ್ಟೆ. ಬಾಸ್ ನುಡಿಸುವವನು ಅವತ್ತು ನನಗೆ ಮೊದಲ ಸಲ ಥ್ಯಾಂಕ್ಸ್ ಹೇಳಿದ.

ಕೊರತೆ ಇಲ್ಲ ಅಂತಲ್ಲ. ಇದರಲ್ಲಿ ಆಫ್ಟರ್‌ಟಚ್ (ಒತ್ತಿದ ಕೀಯನ್ನೇ ಇನ್ನೂ ಅದುಮಿ ಸದ್ದು ಬದಲಿಸುವುದು) ಇಲ್ಲ, ಲೀಡ್‌ನಲ್ಲಿ ವೈಬ್ರಾಟೋಗೆ (ಸ್ವರದ ನಡುಕಕ್ಕೆ) ಕೈ ಸಾಲೋದಿಲ್ಲ. ಸದ್ಯಕ್ಕೆ ಆ ನಡುಕ ಹುಟ್ಟಿಸುವ ಎಲ್‌ಎಫ್‌ಒಗೆ ಡಿಲೇ ಕೊಟ್ಟು, ಸ್ವರ ಹಿಡಿದು ಅರ್ಧ ಸೆಕೆಂಡ್ ಆದಮೇಲೆ ತಾನಾಗೇ ಬರುವ ಹಾಗೆ ಮಾಡಿದ್ದೇನೆ. ಬೇಗದ ಹಾಡಿನಲ್ಲಿ ಅದು ಬರುವಷ್ಟರಲ್ಲಿ ಸ್ವರವೇ ಮುಗಿದಿರುತ್ತೆ. ಮುಂದಿನ ತಿಂಗಳು ಎರಡನೇ ಪೆಡಲ್ ಹಾಕಿ ನೋಡುತ್ತೇನೆ. ಎರಡು ಕಾಲಿಗೂ ಕೆಲಸ ಕೊಟ್ಟರೆ ನಿಂತು ನುಡಿಸೋದು ಹೇಗೆ ಅನ್ನೋದನ್ನ ಇನ್ನೂ ಯೋಚಿಸಿಲ್ಲ.