ಚೈನ್‌ಸಾ ಹಲ್ಲಿಗೆ ಅರ ಹಾಕುವುದು

ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಉದುರುತ್ತಿದೆಯೇ? ಚೈನ್ ಮೊಂಡಾಗಿದೆ. ನಾನು ಮೊದಮೊದಲು ಸುಮ್ನೆ ಗರಗಸವನ್ನೇ ಒತ್ತುತ್ತಿದ್ದೆ, ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಕಾದು ಹೊಗೆ ಬರುತ್ತಿತ್ತು.

ಇಂಜಿನ್ ಆರಿಸಿ, ಬ್ರೇಕ್ ಹಾಕಿ, ಕೈಗವಸು ತೊಡಿ. ನನ್ನ .325 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿ.ಮೀ. ದುಂಡು ಅರ ಬೇಕು. ಅರವನ್ನು ಬಾರ್‌ಗೆ ನೇರ ಅಡ್ಡಲಾಗಿ ಅಲ್ಲ, ಅದರಿಂದ ಸಾಮಾನ್ಯವಾಗಿ 30 ಡಿಗ್ರಿ ಓರೆಯಾಗಿ ಹಿಡಿಯಿರಿ. ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ, ವಾಪಸ್ ತರುವಾಗ ಅರವನ್ನು ಎತ್ತಿಬಿಡಿ. ಪ್ರತಿ ಹಲ್ಲಿಗೆ ಮೂರು ಸಲ ಸಾಕು. ಎಡ, ಬಲ ಹಲ್ಲುಗಳ ಉದ್ದ ಒಂದೇ ಇರಬೇಕು, ಇಲ್ಲದಿದ್ದರೆ ಕೊಯ್ತ ಸೊಟ್ಟಗೆ ಹೋಗುತ್ತದೆ. ನನ್ನ ಎಡಗೈ ಸ್ವಲ್ಪ ಸೋಮಾರಿ, ಆ ಬದಿಗೆ ಒಂದು ಸಲ ಜಾಸ್ತಿ!

ಹಲ್ಲಿನ ಮುಂದಿನ ಡೆಪ್ತ್ ಗೇಜನ್ನು (ಹಲ್ಲು ಎಷ್ಟು ಆಳ ಕಚ್ಚಬೇಕೆಂದು ಮಿತಿ ಹಾಕುವ ಉಬ್ಬು) ಎಲ್ಲರೂ ಮರೆಯುತ್ತಾರೆ, ಅಲ್ವಾ? ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಲಿ. ಅದಕ್ಕೆ ಚಪ್ಪಟೆ ಅರ. ಜಾಸ್ತಿ ಸವೆಸಿದರೆ ಗರಗಸ ಮುಖದತ್ತ ಎಗರೀತು.